ಮೇಡಂ ಹಚ್ಚಿಕೊಟ್ಟ ಒಲೆ

ಇದನ್ನು ಬರೆಯಲೆಂದು ಕೂತು ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಕೂತ ಕೂಡಲೇ ನೀರು ಕುಡಿಯಬೇಕೆನಿಸುತ್ತದೆ. ನೀರು ಕುಡಿದರೆ ಬಾಲ್ಕನಿಯ ಬಟ್ಟೆ ಒಣಗಿತೋ ನೋಡಬೇಕೆನಿಸುತ್ತದೆ. ಅಬುಧಾಬಿಯ ಬಿಸಿಲಿಗೆ ಬಟ್ಟೆ ಒಣಗದೆ ಇನ್ನೇನು ಮಾಡೀತು ಹೇಳಿ. "ಅಪ್ಪ, ಒಂದು ಕಡೆ ಕೂತ್ಕೊಳ್ಳಿ, ನಿಮ್ಮನ್ನು ನೋಡಿ ನಂಗೆ ಸುಸ್ತಾಗ್ತದೆ" ಎನ್ನುತ್ತಾಳೆ ಮಗಳು. ವರ್ಷಗಟ್ಟಲೆ ಹೀಗೆಯೇ ಈ ಮಾತನ್ನು ದಾಟಿಸಿಕೊಂಡು ಬಂದೆ.

ಮೊನ್ನೆ ಒಂದು ಬೆಂಕಿಕಡ್ಡಿ ನನ್ನನ್ನು ಹಿಡಿದು ನಿಲ್ಲಿಸಿತು. ಟೂರಿಸ್ಟ್ ಕ್ಲಬ್ ಏರಿಯಾದ ಮಗಳ ಫ್ಲಾಟಿನಲ್ಲಿ ಗುಂಡಿ ತಿರುಗಿಸಿದರೆ ತಾನಾಗಿ ಹತ್ತಿಕೊಳ್ಳುವ ಒಲೆ. ಮೊನ್ನೆ ಕಿಡಿ ಹಾರಲಿಲ್ಲ. ಅವಳು ದೇವರ ಗೂಡಿನಿಂದ ಬೆಂಕಿಪೊಟ್ಟಣ ತಂದು ಕಡ್ಡಿ ಗೀರಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದುಬೈಯ ಇನ್ನೊಂದು ಅಡುಗೆಮನೆಯಲ್ಲಿ, ಇನ್ನೊಬ್ಬ ಹೆಂಗಸಿನ ಪಕ್ಕದಲ್ಲಿ ನಿಂತಿದ್ದೆ.

ನಾನು ಹತ್ತನೆಯ ತರಗತಿ ಮುಗಿಸಿ ಸೌಟು ಹಿಡಿದವನು. ಉಡುಪಿಯಲ್ಲಿ ಕಲಿತ ಅಡುಗೆ, ದುಬೈಯ ನೈಫ್ ಎಂಬ ಹಳೆಯ ಪೇಟೆಯ ಒಂದು ಮೆಸ್ಸಿನಲ್ಲಿ ಹಲವು ವರ್ಷ ಬೇಯಿಸಿದ ಸಾಂಬಾರು. ಎರಡು ಸಾವಿರದ ಇಸವಿ ಕಳೆದ ಮೇಲೆ, ಜುಮೇರಾದ ಒಂದು ವಿಲ್ಲಾದಲ್ಲಿ ಶುದ್ಧ ಸಸ್ಯಾಹಾರಿ ಅಡುಗೆಯವನು ಬೇಕಂತೆ ಎಂದು ಯಾರೋ ಹೇಳಿದರು. ಲಂಡನ್ ಕಡೆಯ ಬಿಳಿಯರಿಗೆ ನನ್ನ ಬೇಳೆ ಯಾಕಪ್ಪಾ ಎಂದುಕೊಂಡೇ ಹೋದೆ.

ಮೇಡಂ ಮೊದಲ ದಿನವೇ ಹೇಳಿದರು. ಅವರು ಯಹೂದಿಗಳು. ಅವರ ಶಾಸ್ತ್ರದಲ್ಲಿ ಮಾಂಸವೂ ಹಾಲೂ ಒಟ್ಟು ಸೇರಕೂಡದು. ಪಾತ್ರೆ ಬೇರೆ, ಸೌಟು ಬೇರೆ, ತೊಳೆಯುವ ಜಾಗವೂ ಬೇರೆ. ಮಾಂಸವೇ ಇಲ್ಲದ ಅಡುಗೆಮನೆಯಾದರೆ ಅರ್ಧ ತಲೆನೋವು ಇಳಿಯಿತು. ಅದಕ್ಕೇ ನಾನು. ಕೊನೆಗೆ ದನಿ ತಗ್ಗಿಸಿ, "ಈ ಮನೆಯ ಪ್ರಾರ್ಥನೆ ಈ ಮನೆಯೊಳಗೇ ಇರಲಿ, ಭಟ್. ಹೊರಗೆ ಯಾರಿಗೂ ಬೇಡ" ಎಂದರು. ಆಗ ಆ ಜನ ಈ ದೇಶದಲ್ಲಿ ತಮ್ಮ ಗುರುತು ಹೇಳಿಕೊಳ್ಳುತ್ತಿರಲಿಲ್ಲ. ಯಾರೂ ಏನೂ ಮಾಡಿದವರಲ್ಲ, ಆದರೂ ಅವರಿಗೆ ಒಳಗೊಳಗೇ ಅಳುಕು. ನಾನು ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡೆ.

ಶುಕ್ರವಾರ ಸಂಜೆ ಅಂಥದ್ದೇ ನಾಲ್ಕೈದು ಕುಟುಂಬಗಳು ಬರುತ್ತಿದ್ದವು. ಪರದೆ ಎಳೆದು, ಸೂರ್ಯ ಮುಳುಗುವ ಮೊದಲೇ ದೀಪ ಹಚ್ಚುತ್ತಿದ್ದರು. ಅಲ್ಲಿಂದ ಮರುದಿನ ಕತ್ತಲಾಗುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ಕಾರು ಓಡಿಸುವಂತಿಲ್ಲ. ಸಣ್ಣ ಉರಿಯ ಮೇಲೊಂದು ತಗಡು ಹಾಕಿ, ಅದರ ಮೇಲೆ ನಾನು ಮಾಡಿದ ಹುಳಿಯನ್ನು ಬೆಚ್ಚಗೆ ಇಟ್ಟಿರುತ್ತಿದ್ದೆ. ಶನಿವಾರ ನನಗೆ ರಜೆ.

ಇಷ್ಟರವರೆಗೆ ಎಲ್ಲ ಸರಿಯೇ. ಸರಿಯಾಗದೆ ಹೋದದ್ದು ಒಲೆಯ ವಿಷಯ. ದಿನವೂ ಬೆಳಿಗ್ಗೆ ನಾನು ಅಕ್ಕಿ ತೊಳೆದು, ತರಕಾರಿ ಹೆಚ್ಚಿ ಕಾಯಬೇಕು. ಮೇಡಂ ನಿದ್ದೆಗಣ್ಣಿನಲ್ಲಿ ಬಂದು, ಕಡ್ಡಿ ಗೀರಿ ಒಲೆ ಹೊತ್ತಿಸಿ ಹೋಗಬೇಕು. ಆಮೇಲಷ್ಟೇ ನನ್ನ ಕೆಲಸ. ಒಮ್ಮೆ ನಾನೇ ಹಚ್ಚಿಬಿಟ್ಟಿದ್ದೆ. ಅವರು ಬಂದು ಆರಿಸಿ, ಮತ್ತೆ ತಾವೇ ಹಚ್ಚಿದರು. ನನ್ನ ಮುಖ ಸುಟ್ಟಂತಾಯಿತು.

ನೋಡಿ, ನಮ್ಮ ಮನೆಯಲ್ಲಿ ಅಜ್ಜಿ ಮಡಿಯುಟ್ಟರೆ ಮೊಮ್ಮಕ್ಕಳಾದ ನಾವೇ ಗೋಡೆಗೆ ಅಂಟಿಕೊಂಡು ನಡೆಯಬೇಕಿತ್ತು. ಅವಳು ಬೈದರೂ ನಮಗದು ಅವಮಾನವೆನಿಸಲಿಲ್ಲ. ಕೆಲಸಕ್ಕೆ ಬರುತ್ತಿದ್ದ ಹೆಂಗಸು ಹಿತ್ತಲಲ್ಲೇ ನಿಂತು ಕಾಫಿ ಕುಡಿಯುತ್ತಿದ್ದದ್ದೂ ಕಣ್ಣಿಗೆ ಚುಚ್ಚಲಿಲ್ಲ. ಮಡಿಯ ಒಳಗಿದ್ದವನಿಗೆ ಹೊರಗೆ ನಿಂತು ಗೊತ್ತಿರಲಿಲ್ಲ, ಅಷ್ಟೇ. ಜುಮೇರಾದಲ್ಲಿ ನನ್ನ ಸರದಿ ಬಂದಾಗ ಮಾತ್ರ ಹೊಟ್ಟೆ ಉರಿಯಿತು. ಯಾಕೆಂದು ಕೇಳಬಹುದಿತ್ತು. ಕೇಳಲಿಲ್ಲ. ಸಿಟ್ಟು ಮಾಡಿಕೊಂಡವನಿಗೆ ಉತ್ತರ ಬೇಕಿರುವುದಿಲ್ಲ.

ಮೇಡಮ್ಮಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷ. ಊರಿನಲ್ಲಿದ್ದ ನನ್ನ ಮಗಳಿಗಿಂತ ಒಂದು ವರ್ಷ ಸಣ್ಣವಳು. ನಾನು ಅವಳನ್ನು ಪುಟ್ಟಿ ಎನ್ನುತ್ತಿದ್ದೆ, ಅವಳು ನನ್ನನ್ನು "ಭಟ್ರೇ" ಎನ್ನುತ್ತಿದ್ದಳು, ನಾನೇ ಕಲಿಸಿದ್ದು. ನೀರುದೋಸೆಯನ್ನು ಕರ್ಚೀಫಿನಂತೆ ಮಡಚುವುದನ್ನೂ ಕಲಿಸಿದೆ. ನನ್ನ ಸ್ವಂತ ಮಗಳನ್ನು ನಾನು ಬೆಳೆಸಿದ್ದು ವಾರಕ್ಕೊಮ್ಮೆ ಫೋನಿನಲ್ಲಿ. "ಊಟ ಆಯ್ತಾ, ಶಾಲೆಗೆ ಹೋದ್ಯಾ" ಎನ್ನುವಷ್ಟರಲ್ಲಿ ಕಾರ್ಡು ಮುಗಿಯುತ್ತಿತ್ತು. ಎದುರಿಗಿದ್ದ ಮಗು ಪುಟ್ಟಿ.

ಆ ಜುಲೈಯಲ್ಲಿ ಮೇಡಂ ಮನೆಯಲ್ಲೇ ಒಂದು ಬೇಸಿಗೆ ಶಿಬಿರ ಮಾಡಿದರು. ಬಿಸಿಲಿಗೆ ಬಹಳ ಬಿಳಿಯರು ಊರಿಗೆ ಹೋಗಿರುತ್ತಾರೆ. ಹೋಗಲಾಗದ ಆ ನಾಲ್ಕೈದು ಕುಟುಂಬಗಳ ಮಕ್ಕಳಿಗೆ ತಮ್ಮ ಅಕ್ಷರ, ಹಾಡು, ಹಬ್ಬ ಗೊತ್ತಾಗಲಿ ಎಂದು. ನಡುಮನೆಯಲ್ಲಿ ಬೆಡ್‌ಶೀಟು ಕಟ್ಟಿ ಗುಡಾರ ಮಾಡಿದರು. ಏಸಿಯ ಕೆಳಗೆ ಕೆಂಪು ಕಾಗದದ ಬೆಂಕಿ ಉರಿಸಿ ಸುತ್ತ ಕೂತು ಹಾಡಿದರು. ಗುರುವಾರ ಮಧ್ಯಾಹ್ನ, ಶಿಬಿರದ ಮಕ್ಕಳೆಲ್ಲ ಹೋದ ಮೇಲೆ, ಮರುದಿನದ ದೀಪದ ಹೊತ್ತಿಗೆಂದು ಪುಟ್ಟಿಯೂ ನಾನೂ ಹಿಟ್ಟನ್ನು ಜಡೆಯಂತೆ ಹೆಣೆದು ಬ್ರೆಡ್ಡು ಮಾಡುವುದು. ಮಗಳ ತಲೆ ಬಾಚಿದ ಕೈ ನನ್ನದಲ್ಲ, ಹೆಣೆಯಲು ಬರುತ್ತಿರಲಿಲ್ಲ. ಪುಟ್ಟಿ ನಗುತ್ತಿದ್ದಳು. "ಭಟ್ರೇ, ನಾಟ್ ಲೈಕ್ ದಟ್! ಇದು ಹಾವು!"

ಆ ಶನಿವಾರ ನೈಫಿನ ಹಳೆಯ ಮೆಸ್ಸಿಗೆ ಊಟಕ್ಕೆ ಹೋದೆ. ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಶೇಖರಣ್ಣ ಸಿಕ್ಕಿದ. ಒಲೆಯ ಸಂಕಟವನ್ನು ಹಿಂದೊಮ್ಮೆ ಅವನಲ್ಲಿ ತೋಡಿಕೊಂಡಿದ್ದೆ. ಮೇಜಿನ ತುಂಬ ಜನ ಇರುವಾಗ ಅವನು ಶುರುಮಾಡಿದ.

"ಎಂತ ಭಟ್ರೆ, ಈ ವಾರವಾದ್ರೂ ಒಲೆ ಹಚ್ಚಲಿಕ್ಕೆ ಬಿಟ್ರಾ ನಿಮ್ಮನ್ನು?"

"ಸುಮ್ನೆ ಊಟ ಮಾಡು ಮಾರಾಯ."

"ಅಲ್ಲ, ಉಡುಪಿ ಭಟ್ರಿಗೇ ಮೈಲಿಗೆ ಅಂದ್ರೆ! ಮೇಡಮ್ಮಿಗೆ ನಿಮ್ಮ ಕೈ ಅಷ್ಟು ಗಲೀಜಾ? ಕಾಲಿಗೆ ಬಿದ್ದು ಕೇಳಿ ಒಂದು ಕಡ್ಡಿ!"

ಎಲ್ಲರೂ ನಕ್ಕರು. "ಗಲೀಜೂ ಅಲ್ಲ, ಎಂತದೂ ಅಲ್ಲ. ಅವರು ಯಹೂದಿಗಳು. ಅವರ ಶಾಸ್ತ್ರ ಅದು. ಮಕ್ಕಳಿಗೆ ಕ್ಯಾಂಪ್ ಕೂಡ ಮಾಡ್ತಿದ್ದಾರೆ" ಎಂದುಬಿಟ್ಟೆ. ನಗು ನಿಂತಿತು. ಗೆದ್ದೆ ಎನಿಸಿತು. ಮೊಸರನ್ನಕ್ಕೆ ಇನ್ನೊಂದು ಸೌಟು ಮೊಸರು ಹಾಕಿಸಿಕೊಂಡೆ.

ಮೂರನೆಯ ದಿನ, ಶಿಬಿರದ ಮಕ್ಕಳನ್ನು ಕರೆತರುತ್ತಿದ್ದ ಡ್ರೈವರು ಒಬ್ಬ ತಾಯಿಯನ್ನು ಸುಮ್ಮನೆ ಕುತೂಹಲಕ್ಕೆ ಕೇಳಿದನಂತೆ: "ಮೇಡಂ, ಅದು ಯಹೂದಿ ಸ್ಕೂಲಾ?" ಯಾರು ಹೇಳಿದ್ದೆಂದರೆ, "ಎಲ್ಲರೂ ಹೇಳ್ತಾರೆ" ಎಂದ. ಸಂಜೆಯೊಳಗೆ ಎಲ್ಲ ಮನೆಗಳಿಂದ ಫೋನು. ಶಿಬಿರ ಖಲಾಸ್. ಗುಡಾರದ ಬೆಡ್‌ಶೀಟುಗಳನ್ನು ಮಡಚಿದವನು ನಾನೇ.

ಆ ಡ್ರೈವರು ನಮ್ಮ ಪಕ್ಕದ ವಿಲ್ಲಾದ ಡ್ರೈವರನ ಜೊತೆ ಒಂದೇ ರೂಮಿನಲ್ಲಿದ್ದವನು. ಪಕ್ಕದ ವಿಲ್ಲಾದಲ್ಲಿ ಪುಟ್ಟಿಗೊಬ್ಬಳು ಗೆಳತಿಯಿದ್ದಳು. ಮೇಡಮ್ಮಿಗೆ ಅಷ್ಟು ಸಾಕಾಯಿತು. ಗುರುವಾರ ಮಧ್ಯಾಹ್ನ ತಾವು ಮಲಗಿದ್ದಾಗ ಮಗಳು ಅಲ್ಲಿಗೆ ಹೋಗಿ ಬಾಯಿಬಿಟ್ಟಿದ್ದಾಳೆ ಎಂದು ನಿಶ್ಚಯಿಸಿದರು. ಅಡುಗೆಮನೆಯಲ್ಲೇ, ನನ್ನೆದುರಿಗೇ ಕೇಳಿದರು.

"ನಾನು ಹೋಗಲೇ ಇಲ್ಲ ಅಮ್ಮ. ಇಲ್ಲೇ ಇದ್ದೆ. ಭಟ್ರನ್ನೇ ಕೇಳು."

ಮೇಡಂ ನನ್ನತ್ತ ತಿರುಗಿದರು. ಪುಟ್ಟಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ, ಅದೇ ನನ್ನನ್ನು ಇವತ್ತಿಗೂ ತಿನ್ನುವುದು. ಭಟ್ರು ಇದ್ದಾರಲ್ಲ ಎಂಬ ನೆಮ್ಮದಿ. ಗುರುವಾರ ಮಧ್ಯಾಹ್ನವಿಡೀ ಅವಳು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು.

ಹೌದೆಂದರೆ, ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. ಆ ಮನೆಯ ಗುಟ್ಟು ತಿಳಿದ ಹೊರಗಿನವನು ನಾನೊಬ್ಬನೇ. ಕೆಲಸ ಹೋದರೆ ವೀಸಾ ಹೋಯಿತು.

"ನಾನು ಕೆಲಸದಲ್ಲಿದ್ದೆ ಮೇಡಂ," ಎಂದೆ. "ಗಮನಿಸಲಿಲ್ಲ."

ಪುಟ್ಟಿ ಅಳಲಿಲ್ಲ. ತಾಯಿ ಹೊಡೆಯಲೂ ಇಲ್ಲ. "ನಿನ್ನ ಮಾತಿನ ಮೇಲೆ ನಾನು ಇನ್ನು ಹೇಗೆ ನಂಬಿಕೆ ಇಡಲಿ" ಎಂದು ಮೆಲ್ಲಗೆ ಹೇಳಿದರು. ಒಂಬತ್ತು ವರ್ಷದ ಮಗುವಿಗೆ ಅದಕ್ಕಿಂತ ಪೆಟ್ಟೇ ವಾಸಿ. ಆ ವಾರವೇ ಅವಳನ್ನು ಲಂಡನ್ನಿನ ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿಯೇ ಶಾಲೆಗೂ ಸೇರಿಸಿದರು. ಹೊರಡುವ ದಿನ ನಾನು ದೋಸೆ ಮಾಡಿದ್ದೆ. ಮುಟ್ಟಲಿಲ್ಲ. ಭಟ್ರೇ ಎಂದು ಕರೆಯಲೂ ಇಲ್ಲ.

ನಾನು ಮತ್ತೂ ಎರಡು ವರ್ಷ ಅಲ್ಲೇ ಇದ್ದೆ. ಮೇಡಂ ಎಂದಿನಂತೆ ಬೆಳಿಗ್ಗೆ ಬಂದು ಒಲೆ ಹಚ್ಚುತ್ತಿದ್ದರು. ಕೆಲಸ ಬಿಡುವ ಮುಂಚೆ ಒಂದು ದಿನ ಧೈರ್ಯ ಮಾಡಿ, ಯಾಕೆಂದು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. "ನಮ್ಮವರಲ್ಲದವರು ಬೇಯಿಸಿದ್ದನ್ನು ನಾವು ತಿನ್ನುವಂತಿಲ್ಲ, ಭಟ್. ಬೆಂಕಿಯನ್ನಾದರೂ ನಾನು ಹಚ್ಚಿದರೆ ತಿನ್ನಬಹುದು. ನಿಮ್ಮ ಕೈಯಡುಗೆ ಉಣ್ಣಬೇಕಲ್ಲ, ಅದಕ್ಕೇ ದಿನಾ ಏಳುತ್ತಿದ್ದೆ" ಎಂದರು. ಹೇಳಬೇಕಾದ್ದನ್ನು ಆಗಲಾದರೂ ಹೇಳಬಹುದಿತ್ತು. "ಓಕೆ ಮೇಡಂ" ಎಂದು ತೊಗರಿಬೇಳೆ ತೊಳೆಯತೊಡಗಿದೆ.

ಮೊನ್ನೆ, ಒಲೆಯ ಮುಂದೆ, ಇದೆಲ್ಲವನ್ನೂ ಮಗಳಿಗೆ ಹೇಳಿದೆ. ಹಾಲು ಉಕ್ಕಿ ಚೆಲ್ಲಿದರೂ ಅವಳು ಅಲ್ಲಾಡಲಿಲ್ಲ.

"ಆ ಹುಡುಗಿ ಆಗ ನನ್ನಷ್ಟೇ ಇದ್ದಳಾ?"

"ಒಂದು ವರ್ಷ ಸಣ್ಣವಳು. ಆಗ ನಿನ್ನ ಶಾಲೆ, ನಿನ್ನ ಫೀಸು..."

"ನನ್ನ ಹೆಸರು ತರಬೇಡಿ ಅಪ್ಪ," ಎಂದಳು. "ನೀವು ಹೆದರಿದ್ದು ನಿಮಗೋಸ್ಕರ."

ಇಷ್ಟು ವರ್ಷ ಒರಗಿಕೊಂಡಿದ್ದ ಗೋಡೆ ಅದೊಂದೇ. ಅದೂ ಹೋಯಿತು.

ಈಗ ಈ ಊರಿನಲ್ಲಿ ಆ ಜನರ ಪ್ರಾರ್ಥನಾಮಂದಿರವೇ ಎದ್ದು ನಿಂತಿದೆ, ಎಲ್ಲರಿಗೂ ಕಾಣುವ ಹಾಗೆ. "ಈಗೆಲ್ಲ ಓಪನ್ ಮಾವ, ಏನೂ ಗುಟ್ಟಿಲ್ಲ" ಎನ್ನುತ್ತಾನೆ ಅಳಿಯ. ಗುಟ್ಟು ಹೋದರೆ ಗುಟ್ಟೊಡೆದವನ ತಪ್ಪೂ ಹೋಗುತ್ತದೆಂದು ನಾನೂ ಸ್ವಲ್ಪ ದಿನ ಅಂದುಕೊಂಡಿದ್ದೆ. ಆದರೆ ಗುಟ್ಟು ಹೋದರೂ, ಆ ಅಡುಗೆಮನೆಯಲ್ಲಿ ಸುಳ್ಳಾದ ಮಗುವಿನ ಮಾತು ಸುಳ್ಳಾಗಿಯೇ ಉಳಿದಿದೆಯಲ್ಲ.

ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಟ್ಯಾಕ್ಸಿ ಹಿಡಿದು ಆ ಮಂದಿರಕ್ಕೆ ಹೋದೆ. ಏನು ಕೇಳಬೇಕೆಂದು ಗೊತ್ತಿರಲಿಲ್ಲ. ಅವಳು ಎಲ್ಲಿದ್ದಾಳೋ, ಮೂವತ್ತು ದಾಟಿರಬೇಕು, ಅವಳಿಗೇ ಮಕ್ಕಳಿರಬಹುದು. ಗೇಟಿನೆದುರು ಅತ್ತಿಂದಿತ್ತ ನಡೆದೆ. ಕಾವಲಿನ ಹುಡುಗ ನೆರಳಿಗೆ ಕರೆದು ನಿಲ್ಲಿಸಿ, "ಕಿಸ್ಕೋ ಮಿಲ್ನಾ ಹೈ, ಚಾಚಾ?" ಎಂದ. ಯಾರನ್ನು ನೋಡಬೇಕು?

ಪುಟ್ಟಿ ಎಂದರೆ ಅವನಿಗೆ ತಿಳಿಯದು. ಆ ಹೆಸರಿಟ್ಟು ಕರೆಯುವ ಹಕ್ಕೂ ನನಗೆ ಉಳಿದಿಲ್ಲ. ತಂದೆತಾಯಿ ಇಟ್ಟ ಹೆಸರನ್ನು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಬಾಯಿಬಿಟ್ಟು ಹೇಳಿದೆ.

"ತಾಮಾರ್."