ಕೋಲಿನ ನೆರಳು ಮತ್ತು ಹನ್ನೆರಡೂಮುಕ್ಕಾಲಿನ ಬಸ್ಸು

ಪುತ್ತೂರಿನ ದರ್ಬೆಯ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆಂದು ನೆಟ್ಟ ಕಂಬವೊಂದಿದೆ. ಮಧ್ಯಾಹ್ನದ ಹೊತ್ತಿಗೆ ಅದರ ನೆರಳು ನನ್ನ ಹೆಂಡತಿ ಹರಡಿದ ಹಪ್ಪಳದ ಚಾಪೆಯ ಅಂಚನ್ನು ಮುಟ್ಟುತ್ತದೆ. ಆಕೆ ಚಾಪೆಯನ್ನು ಒಂದಿಷ್ಟು ಎಳೆಯುತ್ತಾಳೆ, ನಾನು ಕೈಗಡಿಯಾರ ನೋಡುತ್ತೇನೆ. ನಮ್ಮ ಮನೆಯಲ್ಲಿ ನಿತ್ಯ ನಡೆಯುವ ವೈಜ್ಞಾನಿಕ ಕಾರ್ಯ ಇದೊಂದೇ. ನೆರಳು ಅತ್ಯಂತ ಕುಗ್ಗಿದ ಕ್ಷಣವೇ ನಡುಹಗಲು ಎಂದು ಬಾಲ್ಯದಿಂದ ಓದಿಕೊಂಡು ಬಂದವನು ನಾನು. ಆದರೆ ಆ ಕ್ಷಣದಲ್ಲಿ ನನ್ನ ಗಡಿಯಾರ ಹನ್ನೆರಡನ್ನು ತೋರಿಸುವುದೇ ಇಲ್ಲ. ಹನ್ನೆರಡೂವರೆ ತೋರಿಸುತ್ತದೆ, ಕೆಲವು ತಿಂಗಳಲ್ಲಿ ಅದಕ್ಕೂ ಮೇಲೆ. ಇಷ್ಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾನು ಕೆಡಿಸಿಕೊಂಡದ್ದಕ್ಕೆ ಕಾರಣ ದೇವಕಿ ಟೀಚರ್.

ಹತ್ತು ವರ್ಷಕ್ಕೂ ಹಿಂದಿನ ಮಾತು. ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯ ಬದಿಯ ಒಂದು ಹಳ್ಳಿಯಲ್ಲಿ ನಾನು ಮಂಗಳೂರಿನ ಪತ್ರಿಕೆಯೊಂದರ ಏಜೆಂಟನೂ ಬಾತ್ಮೀದಾರನೂ ಆಗಿದ್ದೆ. ಹಳ್ಳಿಯ ಹೆಸರು ಬೇಡ. ಅಲ್ಲಿಯವರಿಗೆ ಈ ಕಥೆ ಇನ್ನೂ ಪೂರ್ತಿಯಾಗಿ ನಗು ತರಿಸಿಲ್ಲ. ಬಾತ್ಮೀದಾರನೆಂದರೆ ಬಹಳ ದೊಡ್ಡ ಕೆಲಸವೇನಲ್ಲ. ಮಳೆ, ಮದುವೆ, ಮರ ಬಿದ್ದು ರಸ್ತೆ ತಡೆ, ಇಷ್ಟನ್ನು ಕಾಗದದ ಒಂದೇ ಮಗ್ಗುಲಲ್ಲಿ ಬರೆದು, ಲಕೋಟೆಗೆ ಹಾಕಿ, ಘಟ್ಟ ಇಳಿದು ಬರುವ ಹನ್ನೆರಡೂಮುಕ್ಕಾಲಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಎರಡು ಕಡೆ ವಿಚಾರಿಸದೆ ಏನನ್ನೂ ಬರೆಯಬಾರದೆಂದು ಪತ್ರಿಕೆಯವರು ಕಲಿಸಿದ್ದರು. ಆ ನಿಯಮವನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದೆನೆಂದರೆ, ಮಳೆ ಬಂತೆಂದು ಬರೆಯುವ ಮೊದಲು ನೆನೆದ ಇಬ್ಬರನ್ನಾದರೂ ಕೇಳುತ್ತಿದ್ದೆ.

ನನ್ನ ಅಂಗಡಿಯ ಎದುರೇ ಎಲಿಮೆಂಟರಿ ಶಾಲೆ. ಮಗಳು ವಾರಿಜ ಅಲ್ಲಿ ಮೂರನೇ ಕ್ಲಾಸು. ದೇವಕಿ ಟೀಚರ್ ಆ ಕ್ಲಾಸಿಗೆ ಹೊಸತಾಗಿ ಬಂದವರು, ಪುತ್ತೂರು ಕಡೆಯವರು. ಟ್ರೈನಿಂಗ್ ಮುಗಿಸಿದ ಉತ್ಸಾಹದ ಇಸ್ತ್ರಿ ಇನ್ನೂ ಕೆಡದೆ ಇದ್ದ ಕಾಲ. ಮಕ್ಕಳು ಕೈಯಿಂದ ಮಾಡಿ, ಕಣ್ಣಿಂದ ನೋಡಿ ಕಲಿಯಬೇಕು ಎಂಬ ಮಾತನ್ನು ಅಲ್ಲಿ ಎಲ್ಲರೂ ಬರೆದುಕೊಂಡು ಬರುತ್ತಾರೆ, ಇವರು ಅದನ್ನು ನಂಬಿಕೊಂಡು ಬಂದಿದ್ದರು. ಹಾಗಾಗಿ ಅವರ ಕ್ಲಾಸು ಹೆಚ್ಚಿನ ಹೊತ್ತು ಕ್ಲಾಸಿನಲ್ಲಿ ಇರುತ್ತಿರಲಿಲ್ಲ. ಒಂದು ದಿನ ಮಕ್ಕಳು ತೋಡಿನ ಬದಿಯಲ್ಲಿ ಎಲೆಗಳನ್ನು ತೇಲಿಬಿಡುತ್ತಿದ್ದರೆ, ಇನ್ನೊಂದು ದಿನ ಇರುವೆಗಳ ಸಾಲಿಗೆ ಬೆಲ್ಲ ಇಟ್ಟು ಕೂತಿರುತ್ತಿದ್ದರು. ಪಾಠ ಆಗುತ್ತಿದೆಯೋ ಆಟ ಆಗುತ್ತಿದೆಯೋ ಎಂಬುದು ನನ್ನಂಥ ವೀಕ್ಷಕನಿಗೆ ಸ್ಪಷ್ಟವಾಗುತ್ತಿರಲಿಲ್ಲ. ಒಂದು ಮಗುವಿನ ಅಜ್ಜನಿಗೆ ಮಾತ್ರ ಬಹಳ ಸ್ಪಷ್ಟವಾಗಿತ್ತು.

"ಶಾಲೆಗೆ ಹೋಗಿ ಇರುವೆ ನೋಡುದಾದ್ರೆ ನಮ್ಮ ಹಟ್ಟಿಯಲ್ಲೇ ಬೇಕಾದಷ್ಟು ಉಂಟು ಮಾರಾಯ್ರೆ," ಎಂದು ಆತ ನನ್ನ ಅಂಗಡಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತ ಹೇಳಿದ. "ದನವನ್ನೂ ನೋಡಿದ ಹಾಗೆ ಆಗ್ತದೆ."

ಆತ ಅಂಗಡಿಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಪುತ್ತೂರಿಗೆ ಹೋದಾಗ ಮೇಲಧಿಕಾರಿಗಳಿಗೂ ಹೇಳಿ ಬಂದ. ಟೀಚರಿಗೆ ಕರೆ ಬಂತು. ಸೋಮವಾರ ಸಂಜೆ ನಾಲ್ಕರೊಳಗೆ ಪುತ್ತೂರಿನಲ್ಲಿ ಹಾಜರಾಗಿ ತಮ್ಮ ಪಾಠದ ಕ್ರಮ ವಿವರಿಸಬೇಕು, ಅದರ ಮೇಲೆ ಅವರ ತಾತ್ಕಾಲಿಕ ನೌಕರಿ ಮುಂದುವರಿಯುವುದೋ ನಿಲ್ಲುವುದೋ ತೀರ್ಮಾನ. ತಂದೆ ಇಲ್ಲದ ಮನೆ, ಸಂಬಳ ತರುವವರು ಅವರೊಬ್ಬರೇ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವರು ಮಾತ್ರ ಆ ವಾರ ಇರುವೆಗಳನ್ನು ಬಿಟ್ಟು ಸೂರ್ಯನನ್ನು ಹಿಡಿದುಕೊಂಡಿದ್ದರು.

ಮಕರ ಮಾಸದ ನಿರ್ಮಲ ಬಿಸಿಲು. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದು ನೆಟ್ಟಗಿದೆಯೇ ಎಂದು ಮಕ್ಕಳೇ ಪರೀಕ್ಷಿಸಿದರು. ಒಬ್ಬಳು ಬಾಗಿಲಲ್ಲಿ ನಿಂತು ಗೋಡೆ ಗಡಿಯಾರ ನೋಡಿ ಹೊತ್ತು ಕೂಗುವುದು. ಕೂಗಿದಾಗಲೆಲ್ಲ ನನ್ನ ಮಗಳು ನೆರಳಿನ ತುದಿಯಲ್ಲಿ ಒಂದು ಹುಣಸೆಬೀಜ ಇಡುವುದು. ಕೋಲಿಗೆ ಅತಿ ಹತ್ತಿರದ ಬೀಜವೇ ಮಧ್ಯಾಹ್ನ ಹನ್ನೆರಡು ಗಂಟೆಯ ಬೀಜ ಎಂದು ಪುಸ್ತಕದಲ್ಲಿತ್ತು. ನಡುಹಗಲಿನ ಆಸುಪಾಸಿನಲ್ಲಿ ನೆರಳು ಗಟ್ಟಿ ಮನಸ್ಸು ಮಾಡುವುದಿಲ್ಲ, ಹಾಗಾಗಿ ಈ ಬೀಜವೋ ಆ ಬೀಜವೋ ಎಂದು ಮಕ್ಕಳು ಜುಟ್ಟು ಹಿಡಿದು ಜಗಳವಾಡಿದರು. ಆದರೆ ಮರುದಿನ ನೋಡಿದರೂ, ಅದರ ಮರುದಿನ ನೋಡಿದರೂ, ಜಗಳವೆಲ್ಲ ನಡೆದದ್ದು ಗಡಿಯಾರದ ಹನ್ನೆರಡೂವರೆ ದಾಟಿದ ಮೇಲೆಯೇ. ಹನ್ನೆರಡಕ್ಕೆ ಇಟ್ಟ ಬೀಜದ ಬಗ್ಗೆ ಯಾರಿಗೂ ಜಗಳವಿರಲಿಲ್ಲ. ಅದು ದೂರದಲ್ಲಿ ಒಂಟಿಯಾಗಿ ಬಿದ್ದಿತ್ತು.

ಅಂದರೆ ಶಾಲೆಯ ಗಡಿಯಾರ ಅರ್ಧ ಗಂಟೆಗೂ ಚೂರು ಹೆಚ್ಚು ಮುಂದಿದೆ! ಶನಿವಾರ ಈ ತೀರ್ಮಾನವನ್ನು ಮಕ್ಕಳು ಮೆರವಣಿಗೆಯಲ್ಲಿ ಹೆಡ್‌ಮಾಸ್ಟ್ರಲ್ಲಿಗೆ ಕೊಂಡುಹೋದರು. ಹೆಡ್‌ಮಾಸ್ಟ್ರು ಸಾಧು ಮನುಷ್ಯ. ನನ್ನನ್ನು ಕರೆಸಿ ಕೇಳಿದರು, "ನೀವು ಪೇಪರಿನವರು, ನಾಲ್ಕು ಊರು ನೋಡಿದವರು. ಇದು ಎಂತ?"

ನಾನು ನನ್ನ ನಿಯಮದಂತೆ ಮೂಲ ವಿಚಾರಿಸಿದೆ. ಶಾಲೆಯ ಗಡಿಯಾರಕ್ಕೆ ಹೊತ್ತು ಹೇಳಿದ್ದು ಯಾರು? ಬಸ್ಸಿನ ಕಂಡಕ್ಟರ್. ಊರಿಗೆ ಹೊತ್ತು ಹೇಳುವುದು? ಶಾಲೆಯ ಗಂಟೆ. ಅಂದರೆ ಇಡೀ ಊರು ಉಣ್ಣುವುದು, ಮಲಗುವುದು ಒಬ್ಬ ಕಂಡಕ್ಟರನ ಬಾಯಿಮಾತಿನ ಮೇಲೆ. ಒಂದು ಕಡೆ ಕಂಡಕ್ಟರ್, ಇನ್ನೊಂದು ಕಡೆ ಸಾಕ್ಷಾತ್ ಸೂರ್ಯನಾರಾಯಣ ಮತ್ತು ಜುಟ್ಟು ಹಿಡಿದು ಸತ್ಯ ನಿರ್ಧರಿಸಿದ ಮೂರನೇ ಕ್ಲಾಸು. ಪತ್ರಿಕಾಧರ್ಮ ಯಾರ ಪರ ನಿಲ್ಲಬೇಕೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಹೆಡ್‌ಮಾಸ್ಟ್ರು ಬೆಂಚು ಹತ್ತಿ ಮುಳ್ಳನ್ನು ಹಿಂದೆ ತಿರುಗಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ನನ್ನ ಕೈಗಡಿಯಾರವನ್ನೂ ತಿರುಗಿಸಿಕೊಂಡೆ. ಪುತ್ತೂರಿನಲ್ಲಿ ಹೇಳಲಿಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಡ ಎಂದು ದೇವಕಿ ಟೀಚರ್ ಆ ದಿನ ಮೊದಲ ಬಾರಿಗೆ ನಿರಾಳವಾಗಿ ನಕ್ಕರು.

ಗಡಿಯಾರವನ್ನು ತಿದ್ದಬಹುದು, ಆದರೆ ಘಟ್ಟದ ಮೇಲಿಂದ ಹೊರಟ ಬಸ್ಸಿಗೆ ಆ ತಿದ್ದುಪಡಿಯನ್ನು ತಿಳಿಸುವವರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಈಗ ಯೋಚಿಸಿದರೆ ನನಗೇ ವಿಸ್ಮಯ. ಸತ್ಯ ಒಮ್ಮೆ ಸ್ಥಾಪನೆಯಾದ ಮೇಲೆ ಬಸ್ಸೂ ಅದರಂತೆ ನಡೆದುಕೊಳ್ಳುತ್ತದೆ ಎಂದು ಬಹುಶಃ ಎಲ್ಲರೂ ಭಾವಿಸಿದ್ದೆವು.

ಸೋಮವಾರ ಟೀಚರ್ ಒಳ್ಳೆಯ ಸೀರೆ ಉಟ್ಟು, ಚೀಲ ಮತ್ತು ಕೊಡೆಯನ್ನು ಜಗಲಿಯಲ್ಲಿ ಸಿದ್ಧವಾಗಿಟ್ಟುಕೊಂಡು, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆಯೆಂದು ಮಕ್ಕಳೊಡನೆ ಕೋಲಿನ ಸುತ್ತ ಕೂತಿದ್ದರು. ಎದುರಿನ ಅಂಗಡಿಯಲ್ಲಿ ನಾನು "ಮಕ್ಕಳಿಂದ ಗಡಿಯಾರದ ದೋಷ ಪತ್ತೆ" ಎಂಬ ತಲೆಬರಹದ ಕೆಳಗೆ ಕೊನೆಯ ವಾಕ್ಯವನ್ನು ನಯಗೊಳಿಸುತ್ತಿದ್ದೆ. ಶಾಲೆಯ ಗಡಿಯಾರ ಹನ್ನೆರಡು ಹೊಡೆಯಿತು. ವಾರಿಜ ಬೀಜ ಇಟ್ಟಳು, ಕೋಲಿಗೆ ಅತಿ ಹತ್ತಿರದಲ್ಲಿ, ಎಲ್ಲಿ ಇಡಬೇಕೋ ಅಲ್ಲೇ. ಮಕ್ಕಳು ಹೋ ಎಂದು ಕೂಗಿದರು. ಆ ಕೂಗು ಇಳಿದು ಸ್ವಲ್ಪ ಹೊತ್ತಿನಲ್ಲೇ ಮೇಲಿನ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಯಾರೂ ಏಳಲಿಲ್ಲ. ಹನ್ನೆರಡೂಕಾಲೂ ಆಗದ ಹೊತ್ತಿಗೆ ಹನ್ನೆರಡೂಮುಕ್ಕಾಲಿನ ಬಸ್ಸು ಬರುವುದಾದರೂ ಹೇಗೆ? ಕೈ ತೋರಿಸುವವರಿಲ್ಲದ ಕಾರಣ ಅದು ನಿಲ್ಲಲೂ ಇಲ್ಲ. ಕೆಂಪು ಧೂಳಿನ ನಡುವೆ ಅದರ ಹಿಂಭಾಗ ಕಂಡಾಗ ನಮ್ಮ ಮನೆಮಾತಿನಲ್ಲಿ ಚೀರಿದವಳು ನನ್ನ ಮಗಳು:

"ಬಸ್ ಹೋತ್!"

ಟೀಚರ್ ಚೀಲವನ್ನೂ ತೆಗೆದುಕೊಳ್ಳದೆ ರಸ್ತೆಯವರೆಗೆ ಓಡಿದರು. ನಾನು ಲಕೋಟೆಗೆ ಅಂಟು ಹಚ್ಚಿದ ಬೆರಳಿನೊಂದಿಗೆ ಓಡಿದೆ. ಇರುವೆಯ ಅಜ್ಜ ಅಂಗಡಿಯ ಬೆಂಚಿನಿಂದಲೇ, "ಇವತ್ತು ಬಸ್ಸಿನವನಿಗೆ ಎಂತ ಅವಸರ ಮಾರಾಯ್ರೆ?" ಎಂದ. ಹೆಡ್‌ಮಾಸ್ಟ್ರು ಗೋಡೆಯಿಂದ ಗಡಿಯಾರವನ್ನು ಇಳಿಸಿ, ಜ್ವರ ಬಂದ ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು, ಒಮ್ಮೆ ಅದರ ಮುಖವನ್ನೂ ಒಮ್ಮೆ ಆಕಾಶವನ್ನೂ ನೋಡಿದರು.

ಮಕ್ಕಳೂ ರಸ್ತೆಯವರೆಗೆ ಓಡಿ ಬಂದಿದ್ದರು. ಟೀಚರಿನ ಮುಖ ನೋಡಿದರೆ ಯಾರಿಗಾದರೂ ಅರ್ಥವಾಗುತ್ತಿತ್ತು. ಆ ಬಸ್ಸು ಬಿಟ್ಟರೆ ಸಂಜೆಯ ಒಳಗೆ ಪುತ್ತೂರು ಸೇರುವ ಬೇರೆ ಬಸ್ಸಿರಲಿಲ್ಲ. ವಾರಿಜ ಅವರ ಸೆರಗು ಹಿಡಿದು ಕೇಳಿದಳು, "ಟೀಚರ್, ನಾವು ಬೀಜ ಇಟ್ಟದ್ದು ತಪ್ಪಾ?"

ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು! ನಾನಾಗಿದ್ದರೆ ಅನ್ನುತ್ತಿದ್ದೆ, ತಪ್ಪೊಪ್ಪಿಗೆಗೆ ನಮ್ಮ ಪತ್ರಿಕೆಯಲ್ಲಿ ಮೂರನೇ ಪುಟದ ಕೆಳಗೆ ಜಾಗವೇ ಇತ್ತು. ಟೀಚರ್ ಮರಳಿ ಕೋಲಿನ ಹತ್ತಿರ ಹೋಗಿ, ಒಳ್ಳೆಯ ಸೀರೆಯಲ್ಲೇ ಮಣ್ಣಿನ ಮೇಲೆ ಮೊಣಕಾಲೂರಿ, ಬೀಜಗಳ ಸಾಲನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ನೆರಳು ಆಗಲೇ ಇನ್ನೊಂದು ಮಗ್ಗುಲಿಗೆ ಚೂರು ಬೆಳೆದಿತ್ತು.

"ತಪ್ಪಲ್ಲ," ಎಂದರು. "ನೀವು ನೋಡಿದ್ದು ಸರಿಯೇ ಉಂಟು."

"ಹಾಗಾದ್ರೆ ಬಸ್ಸು ತಪ್ಪಾ?"

"ಬಸ್ಸು ದಿನಾ ಬರುವ ಹೊತ್ತಿಗೇ ಬಂತಲ್ಲ. ಅದನ್ನು ತಪ್ಪು ಅಂತ ಹೇಗೆ ಹೇಳುದು?"

"ಮತ್ತೆ ಯಾವುದು ತಪ್ಪು?"

"ನನಗೆ ಗೊತ್ತಿಲ್ಲ ಮಕ್ಕಳೇ," ಎಂದರು ದೇವಕಿ ಟೀಚರ್. "ಬೀಜ ಯಾರೂ ತೆಗೀಬೇಡಿ. ನಾಳೆ ಪುನಃ ನೋಡುವ."

ನನ್ನ ಹನ್ನೊಂದು ವರ್ಷದ ವಿದ್ಯಾಭ್ಯಾಸದಲ್ಲಿ ಒಬ್ಬ ಉಪಾಧ್ಯಾಯರ ಬಾಯಿಯಿಂದಲೂ ಕೇಳದ ವಾಕ್ಯವದು.

ಅಷ್ಟರಲ್ಲಿ ಸಂಪಾಜೆ ಕಡೆಯಿಂದ ಮರದ ದಿಮ್ಮಿ ಹೇರಿದ ಲಾರಿಯೊಂದು ಏದುಸಿರು ಬಿಡುತ್ತ ಬಂತು. ನಾನು ಕೈ ಅಡ್ಡ ಹಿಡಿದೆ. ಹೆಂಗಸೊಬ್ಬರು ಒಂಟಿಯಾಗಿ ಲಾರಿಯಲ್ಲಿ ಹೋಗುವುದು ಹೇಗೆಂದು ಎಲ್ಲರೂ ಮುಖ ಮುಖ ನೋಡುತ್ತಿದ್ದಾಗ ಹೆಡ್‌ಮಾಸ್ಟ್ರು ಮುಂದೆ ಬಂದರು. "ನಾನೂ ಬರ್ತೇನೆ. ಮುಳ್ಳು ತಿರುಗಿಸಿದ್ದು ನನ್ನ ಕೈಯಲ್ವಾ?" ಎಂದು ಹತ್ತಿ ಕೂತರು. ಲಾರಿ ಹೊರಟ ಮೇಲೆ ನಮಗೆ ತಿಳಿದದ್ದು, ಅವರು ಗಡಿಯಾರವನ್ನು ಕೆಳಗಿಡಲು ಮರೆತಿದ್ದರು.

ಮುಂದಿನದು ಹೆಡ್‌ಮಾಸ್ಟ್ರು ಮರುದಿನ ಹೇಳಿ ನನಗೆ ತಿಳಿದದ್ದು. ಎರಡನೇ ಕಡೆ ವಿಚಾರಿಸಲು ಆಗಲಿಲ್ಲ. ಅಧಿಕಾರಿಗಳು ಬೀಗ ಹಾಕಿಸುವ ಹೊತ್ತಿಗೆ ಇವರಿಬ್ಬರೂ ಮರದ ಹೊಟ್ಟು, ಧೂಳು ಮೆತ್ತಿಕೊಂಡು ಹಾಜರಾದರಂತೆ. ಮೇಜಿನ ಮೇಲೆ ಗೋಡೆ ಗಡಿಯಾರ ಇಟ್ಟು ನಡೆದದ್ದನ್ನೆಲ್ಲ ಹೇಳಿದರಂತೆ. ಲಾರಿಯ ಕುಲುಕಾಟಕ್ಕೆ ಅದು ದಾರಿಯಲ್ಲೆಲ್ಲೋ ನಿಂತು, ಸೂರ್ಯನದೂ ಅಲ್ಲದ ಬಸ್ಸಿನದೂ ಅಲ್ಲದ ಮೂರನೆಯದೊಂದು ಹೊತ್ತನ್ನು ತೋರಿಸುತ್ತಿತ್ತು.

"ಹಾಗಾದರೆ ಸರಿಯಾದ ಸಮಯ ಯಾವುದು ಟೀಚರ್?" ಎಂದು ಅಧಿಕಾರಿಗಳು ಕೇಳಿದರು.

"ಗೊತ್ತಾಗ್ಲಿಲ್ಲ ಸಾರ್. ಮಕ್ಕಳು ಇನ್ನೂ ನೋಡ್ತಾ ಇದ್ದಾರೆ."

ಅಧಿಕಾರಿಗಳು ಗಡಿಯಾರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ತಮ್ಮ ಕೈಗಡಿಯಾರ ನೋಡಿ ತಾವೇ ಮುಳ್ಳು ತಿರುಗಿಸಿ, ಕೀಲಿ ಕೊಟ್ಟು, "ಇದು ಬಸ್ಸಿನ ಪ್ರಕಾರ ಇರಲಿ. ಕೋಲು ಅಲ್ಲೇ ಇರಲಿ," ಎಂದು ಹೇಳಿ ಕಳುಹಿಸಿದರು. ಜೂನ್ ತಿಂಗಳಲ್ಲಿ ಟೀಚರಿಗೆ ಕೆಲಸ ಖಾಯಂ ಆಯಿತು, ಜೊತೆಗೇ ಕಡಬದ ಕಡೆಗೆ, ದೋಣಿಯಲ್ಲಿ ಹೊಳೆ ದಾಟಿ ಹೋಗಬೇಕಾದ, ಬಸ್ಸೇ ಬಾರದ ಒಂದು ಊರಿಗೆ ವರ್ಗವೂ ಆಯಿತು. ಅದು ಶಿಕ್ಷೆಯೋ ಬಹುಮಾನವೋ ಎಂದು ನಾವು ಅಂಗಡಿಯಲ್ಲಿ ಎಷ್ಟು ಚರ್ಚಿಸಿದರೂ ಇತ್ಯರ್ಥವಾಗಲಿಲ್ಲ. ಬಸ್ಸಿಲ್ಲದ ಊರಿನಲ್ಲಿ ಸೂರ್ಯನಿಗೆ ಎದುರುವಾದಿ ಇರುವುದಿಲ್ಲ ಎಂಬ ದೂರದೃಷ್ಟಿ ಅದರಲ್ಲಿ ಇದ್ದರೂ ಇರಬಹುದು.

ನನ್ನ ಸುದ್ದಿ ಬಸ್ಸು ತಪ್ಪಿದ್ದರಿಂದ ಪ್ರಕಟವಾಗಲಿಲ್ಲ, ನನ್ನ ಮಾನ ಉಳಿಯಿತು. ಮುಂದೆ ಮಂಗಳೂರಿಗೆ ಹೋದಾಗ ಕಚೇರಿಯ ಹಿರಿಯ ಉಪಸಂಪಾದಕರಲ್ಲಿ ಸಂಶಯ ತೋಡಿಕೊಂಡೆ. ಅವರು ಪ್ರೂಫಿನಿಂದ ತಲೆ ಎತ್ತದೆ ವಿವರಿಸಿದರು: ದೇಶಕ್ಕೆಲ್ಲ ಒಂದೇ ಗಡಿಯಾರ; ಅದು ನಡೆಯುವುದು ನಮಗಿಂತ ಬಹಳ ಪೂರ್ವದ ಒಂದು ಜಾಗದ ಸೂರ್ಯನನ್ನು ನೋಡಿ; ಆ ಸೂರ್ಯ ನಮ್ಮ ನೆತ್ತಿಗೆ ಬರಲು ಇನ್ನರ್ಧ ಗಂಟೆ ಬೇಕು.

"ಅವರ ಹನ್ನೆರಡನ್ನು ನಾವು ಯಾಕೆ ಹನ್ನೆರಡು ಅನ್ನಬೇಕು?" ಎಂದೆ.

"ಇಲ್ಲದಿದ್ರೆ ರೈಲು ಓಡುದು ಹೇಗೆ ಮಾರಾಯ್ರೆ?"

ನಮ್ಮ ಕಡೆಗೆ ರೈಲೇ ಇಲ್ಲವಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ಪ್ರೂಫಿನಲ್ಲಿ ಮುಳುಗಿದ್ದರು. ನಾನು ಕಾಣದ ರೈಲಿಗಾಗಿ ನಮ್ಮ ಊರಿನ ಮಧ್ಯಾಹ್ನ ಅರ್ಧ ಗಂಟೆ ತಡವಾಗಿ ಬರುತ್ತಿದೆಯೆಂಬುದು ಬುದ್ಧಿಗೆ ಅರ್ಥವಾಯಿತು. ಕಣ್ಣಿಗೆ ಇನ್ನೂ ಅರ್ಥವಾಗಿಲ್ಲ. ಎರಡು ಕಡೆ ವಿಚಾರಿಸಬೇಕೆಂದು ಹೇಳಿದವರು, ಎರಡೂ ಕಡೆಯವರು ಸತ್ಯವನ್ನೇ ಹೇಳಿದರೆ ಏನು ಬರೆಯಬೇಕೆಂದು ಹೇಳಿರಲಿಲ್ಲ.

ವಾರಿಜ ಈಗ ಟೀಚರ್ ಟ್ರೈನಿಂಗಿಗೆ ಸೇರಿದ್ದಾಳೆ. ಮೊನ್ನೆ ರಜೆಯಲ್ಲಿ ಬಂದವಳು ಬಟ್ಟೆಯ ಕಂಬದ ಬುಡದಲ್ಲಿ ಏನೋ ಬಗ್ಗಿ ನೋಡುತ್ತಿದ್ದಳು. ಒಳಗಿನಿಂದ ನನ್ನ ಹೆಂಡತಿ ಕೂಗಿದಳು, "ಊಟಕ್ಕೆ ಬನ್ನಿ, ಹನ್ನೆರಡೂವರೆ ಆಯ್ತು."

"ಇಲ್ಲ ಅಮ್ಮ, ಈಗಷ್ಟೆ ಹನ್ನೆರಡು," ಎಂದಳು ಮಗಳು.

"ಎಷ್ಟಾದ್ರೂ ಆಗ್ಲಿ, ಅನ್ನ ಆರ್ತದೆ. ಆ ಚಾಪೆ ಸ್ವಲ್ಪ ಎಳೆದು ಬನ್ನಿ."

ನಾನು ಕೈಗಡಿಯಾರ ನೋಡಲಿಲ್ಲ. ಚಾಪೆ ಎಳೆಯಲು ಬಗ್ಗಿದಾಗ ನೆರಳಿನ ತುದಿಯಲ್ಲಿ ಒಂದು ಹುಣಸೆಬೀಜ ಕಂಡಿತು. ಅದನ್ನು ತುಳಿಯದಂತೆ ಕಾಲೆತ್ತಿ ದಾಟಿ, ಚಾಪೆಯನ್ನು ಇನ್ನೊಂದು ಕಡೆಯಿಂದ ಎಳೆದು, ಊಟಕ್ಕೆ ಹೋದೆ.