ಹಿತ್ತಲಮನೆಯ ತೊಟ್ಟಿಲ ಕೊಂಡಿ

ತಂಗೀ, ತಮ್ಮಾ, ಹೋದ ಸೂಟಿಯಲ್ಲಿ ಈ ಅಜ್ಜಿಯ ಮನೆಗೆ ಬಂದಾಗ ಹಿತ್ತಲಮನೆಯ ತೊಲೆಗೆ ಇರುವ ಕಬ್ಬಿಣದ ಕೊಂಡಿ ನೋಡಿ ಅದು ಯಾಕೆಂದು ಕೇಳಿದ್ದಿರಿ. ಬಾಳೆಗೊನೆ ತೂಗುಹಾಕಲು ಎಂದೆ. ಅದು ಸುಳ್ಳು. ನಿಮ್ಮ ಮುಖ ನೋಡಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ಅಮ್ಮಿನಬಾವಿಯ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆ ಎರಡು ಖೋಲಿಗಳಲ್ಲಿ ಹದಿನಾಲ್ಕು ವರ್ಷ ಒಂದೇ ಸಂಸಾರ ಬಾಡಿಗೆಗಿತ್ತು. ಗಂಡ ತಾರಿಹಾಳದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ, ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವರು ಬಂದ ದಿನ ನಿಮ್ಮ ಅಜ್ಜ ಅವನ ಕೈಗೆ ಎಲೆ ಅಡಿಕೆ ಕೊಟ್ಟರು, ಅದೇ ಕರಾರು. ಕಾಗದದ ಮಾತು ಯಾರೂ ಎತ್ತಲಿಲ್ಲ. ಅಜ್ಜ ತೀರಿಕೊಂಡ ದಿನ ಬಂದವರಿಗೆಲ್ಲ ಚಹಾ ಮಾಡಿ ಕೊಟ್ಟವಳು ಅವಳು. ಅವರ ರಂಜಾನ್ ಹಬ್ಬದ ಶಾವಿಗೆ ಪಾಯಸ, ಸುರ್ಕುಂಬಾ, ಮೊದಲು ನನ್ನ ಬಾಗಿಲಿಗೆ ಬರುತ್ತಿತ್ತು.

ಆಮೇಲೆ ಬಾಡಿಗೆಯ ಕಾನೂನು ಬದಲಾಗುತ್ತದೆ, ಇನ್ನು ಎಲ್ಲದಕ್ಕೂ ಬರೆದ ಕಾಗದ ಬೇಕು ಎಂಬ ಸುದ್ದಿ ಓಣಿಗೆ ಬಂತು. ಎದುರುಮನೆಯಾಕೆ ದಿನಾ ಕಟ್ಟೆಗೆ ಕೂತು ಅದನ್ನೇ ಹೇಳುತ್ತಿದ್ದಳು.

“ಹನ್ನೆರಡು ವರ್ಷ ದಾಟಿದ್ರ ಮನಿ ಅವರದ ಆಗ್ತದಂತ, ಅಕ್ಕಾ. ನೀವು ಹಿಂಗ ಸುಮ್ಮನ ಕುಂಡ್ರಿ. ನಾಳೆ ಅವರಿಗೆ ಬಾಡಿಗಿ ಕೊಡಾಕ ನೀವ ಹೋಗ್ತೀರಿ.”

ನನಗೆ ನಿದ್ದೆ ಹತ್ತದಾಯಿತು. ಕರಾರು ಬರೆಯೋಣ ಎಂದು ಕೇಳಬಹುದಿತ್ತು. ಹದಿನಾಲ್ಕು ವರ್ಷದ ಮೇಲೆ ಕಾಗದ ಕೇಳಿದರೆ ನಿಮ್ಮ ಮೇಲೆ ನಂಬಿಕೆಯಿಲ್ಲ ಎಂದಂತಾಗುತ್ತದೆ ಎಂದು ನಾಲಿಗೆ ಏಳಲಿಲ್ಲ. ಅದಕ್ಕಿಂತ ಸುಳ್ಳು ಹಗುರ ಅನ್ನಿಸಿತು. ಮಗಳು ಧಾರವಾಡ ಬಿಟ್ಟು ಕೂಸಿನೊಂದಿಗೆ ಇಲ್ಲಿಗೇ ಬರುತ್ತಾಳೆ, ಮನೆ ಬೇಕು ಎಂದೆ. ತಂಗೀ, ಆ ಕೂಸು ನೀನು. ನಿಮ್ಮ ಅವ್ವನಿಗೆ ಇದೊಂದೂ ಗೊತ್ತಿರಲಿಲ್ಲ.

ಅವರು ಆಗಲಿ ಎಂದರು. ಎರಡು ತಿಂಗಳಲ್ಲಿ ತಾರಿಹಾಳದ ಕಡೆ ಮನೆ ಹುಡುಕಿಕೊಂಡರು. ಕೀಲಿ ಕೊಡುವ ದಿನ ಅವನು ನಿಚ್ಚಣಿಕೆ ತಂದು, ತೊಲೆಗೆ ತೂತು ಕೊರೆದು, ತಾನೇ ಮಾಡಿ ತಂದಿದ್ದ ಕೊಂಡಿ ಬಿಗಿದ.

“ಅಕ್ಕಾರ, ಕೂಸಿನ ತೊಟ್ಟಿಲಾ ಇಲ್ಲೇ ಕಟ್ರಿ. ನಾನ ಜೋತುಬಿದ್ದು ನೋಡೇನಿ, ಅಲುಗೂದಿಲ್ಲ.”

ಛಲೋ ಆತು ಎಂದೆ. ಮುಖ ಎತ್ತಿ ನೋಡಲಿಲ್ಲ.

ಬೇರೆಯವರಿಗೆ ಕೊಡುವ ಮುಂಚೆ ಕಾಗದ ಮಾಡಿಸಬೇಕೆಂದು ಕೋರ್ಟಿನ ಹತ್ತಿರ ಬಾಂಡ್ ಕಾಗದ ಬರೆಯುವವರ ಕಡೆ ಹೋದೆ. ಅವರು ನನ್ನ ಕಥೆ ಕೇಳಿ ನಕ್ಕರು. ಬಾಡಿಗೆ ಕೊಟ್ಟು ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ, ಹಳಬರನ್ನೇ ಕರೆದು ಒಂದು ಕರಾರು ಬರೆಸಿದ್ದರೆ ಮುಗಿಯುತ್ತಿತ್ತು ಎಂದರು. ಕಾಗದ ಮಾಡಿಸದೆ ತಿರುಗಿ ಬಂದೆ.

ತಿಂಗಳಾದ ಮೇಲೆ ವೆಲ್ಡಿಂಗಿನವನ ಹೆಂಡತಿ ಕೂಸನ್ನು ನೋಡಲು ಬಂದಳು. ಕೈಯಲ್ಲಿ ತಾನು ಹೊಲಿದ ಪುಟ್ಟ ಹಳದಿ ಅಂಗಿ. ಹಿತ್ತಲಮನೆಗೆ ಬೀಗ. ಕಿಟಕಿಯಿಂದ ಒಳಗೆ ನೋಡಿದಳು, ಕೊಂಡಿ ಖಾಲಿ ಇತ್ತು. ನಾನೇ ತಡವರಿಸುತ್ತ ಕಾನೂನು, ಕಾಗದ, ಹೆದರಿಕೆ ಎಲ್ಲ ಹೇಳಿದೆ.

“ಕೇಳಿದ್ರ ಅವತ್ತ ಸಹಿ ಮಾಡ್ತಿದ್ವಿ, ಅಕ್ಕಾರ,” ಎಂದಳು. “ನೀವು ಕೇಳಲೇ ಇಲ್ಲ.”

ತಿರುಗಿ ಬರ್ರಿ ಎಂದೆ. ಮಕ್ಕಳನ್ನು ಅಲ್ಲಿಯ ಸಾಲಿಗೆ ಹಾಕಿಯಾಗಿದೆ ಎಂದಳು. ಅಂಗಿಯನ್ನು ಕಟ್ಟೆಯ ಮೇಲಿಟ್ಟು ಹೋದಳು. ತಂಗೀ, ನಿನ್ನ ಮೊದಲ ಹುಟ್ಟುಹಬ್ಬದ ಫೋಟೋದಲ್ಲಿ ಇರುವುದು ಅದೇ ಅಂಗಿ. ನಾನು ಪೇಟೆಯಲ್ಲಿ ಕೊಂಡೆನೆಂದು ನಿಮ್ಮ ಅವ್ವ ಇನ್ನೂ ತಿಳಿದಿದ್ದಾಳೆ.

ಆ ಮನೆಯನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಮುಂದೆ ಅದು ನಿಮ್ಮದಾಗುತ್ತದೆ. ಬಾಡಿಗೆಗೆ ಕೊಡುವಾಗ ಕರಾರು ಬರೆಸಿರಿ, ಕೇಳಲು ನಾಚಬೇಡಿರಿ. ಕೊಂಡಿ ಮಾತ್ರ ತೆಗೆಸಬೇಡಿರಿ. ಈ ಹಾಳೆಗಳನ್ನು ಹಳದಿ ಅಂಗಿಯಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿಡುತ್ತೇನೆ. ಎರಡನ್ನೂ ಕಳೆಯದಂತೆ ಕಾಯ್ದುಕೊಳ್ಳಿರಿ.