ಬೋಗಾದಿಯ ಆಟೋದಲ್ಲಿ ಏಪ್ರಿಲ್ ನಾಲ್ಕು

ಮೈಸೂರಿನ ಬೋಗಾದಿಯಲ್ಲಿ ರೈಲ್ವೆ ನಿಲ್ದಾಣಕ್ಕೆ ಆಟೋ ಸಿಕ್ಕಾಗ ರಾಹುಕಾಲ ಮುಗಿದಿರಲಿಲ್ಲ. ಹತ್ತದೆ ರಸ್ತೆಯಲ್ಲೇ ನಿಂತೆ. ಅದೇ ಆಟೋಗೆ ಜೊತೆಯಾದ, ಆಫ್ರಿಕಾದ ಸೆನೆಗಲ್‌ನ ವಿದ್ಯಾರ್ಥಿನಿ ಆಗಲೇ ಒಳಗೆ ಕೂತಿದ್ದಳು. ತೊಡೆಯ ಮೇಲೆ ಮೈಸೂರು ಪಾಕಿನ ಡಬ್ಬಿ, ತೋಳಿಗೆ ಕಪ್ಪು ಪಟ್ಟಿ.

“ಹತ್ತಿ ಸಾರ್, ರೈಲಿಗೇನು ರಾಹುಕಾಲ ಗೊತ್ತಾಯ್ತದಾ? ಹೊಂಟೋಯ್ತದೆ!” ಚಾಲಕ ಸಿಡುಕಿದ.

“ಹೋದ ಕೆಲಸ ಕೆಟ್ಟರೆ ನೀನು ಬರ್ತೀಯೇನಪ್ಪಾ?” ನಾನೂ ಸಿಡುಕಿದೆ.

ಹುಡುಗಿ ಇಲ್ಲೇ ಕಲಿತ ಕನ್ನಡದಲ್ಲಿ ಹೇಳಿದಳು: “ಅಂಕಲ್, ಇವತ್ತು ಏಪ್ರಿಲ್ ನಾಲ್ಕು. ನಮ್ಮ ದೇಶದ ಸ್ವಾತಂತ್ರ್ಯ ದಿನ, ಅದಕ್ಕೇ ಸ್ವೀಟು. ಅಮೆರಿಕದಲ್ಲಿ ಕಪ್ಪು ಜನರ ನಾಯಕನನ್ನ ಗುಂಡಿಟ್ಟು ಕೊಂದ ದಿನವೂ ಇದೇ, ಅದಕ್ಕೇ ಈ ಪಟ್ಟಿ. ಬೆಂಗಳೂರಲ್ಲಿ ಗೆಳತಿಯರು ಎರಡಕ್ಕೂ ಕಾಯ್ತಿದ್ದಾರೆ. ನಾನು ಯಾವ ಟೈಮಲ್ಲಿ ಹೊರಡಲಿ?”

ಕೈಯಲ್ಲಿದ್ದ ಪಂಚಾಂಗವನ್ನು ಚೀಲಕ್ಕೆ ತುರುಕಿದೆ. ಹತ್ತಿದೆ. ಬಲಗಾಲಿಟ್ಟೇ ಹತ್ತಿದೆ, ಯಾಕೆ ಸುಮ್ಮನೆ ರಿಸ್ಕು.